ಶಾಲೆಯ ಗೇಟಿಗೆ ಬಂದ ಹೊಸ ಕಾರು

ಸೆಪ್ಟೆಂಬರ್ 9, ಮಂಗಳವಾರ. ಡೇಟನ್.

ಹತ್ತಿದಳು! ಮಗಳು ಮಾರ್ಗೋ ಇವತ್ತು ಶಾಲೆಯ ಗೇಟಿನಲ್ಲೇ, ಎಲ್ಲರ ಕಣ್ಣೆದುರೇ, ನನ್ನ ಕಾರು ಹತ್ತಿದಳು! ನಮ್ಮ ಮಿನಿವ್ಯಾನ್ ಕಂಡರೆ ಮಾನ ಹೋಗುತ್ತದೆಂದು ಕಳೆದ ವರ್ಷವೆಲ್ಲ ನನ್ನನ್ನು ಎರಡು ಬೀದಿ ಆಚೆ, ಚರ್ಚಿನ ಹಿಂದೆ ನಿಲ್ಲಿಸಿದ್ದ ಮಹಾತಾಯಿ ಅವಳು. ಇವತ್ತು ಹೊಸ ಎಸ್‌ಯುವಿ. ಕಪ್ಪು ಮೈ, ಕೆನೆಬಣ್ಣದ ಚರ್ಮದ ಸೀಟು, ಆಹಾ! ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳ ಸಾಲಿನಲ್ಲಿ ನನ್ನ ಸರದಿ ಬರುವಾಗ ಎದೆ ನಗಾರಿ ಬಾರಿಸುತ್ತಿತ್ತು.

ಗೆಳತಿಯರ ಮುಂದೆ ಗತ್ತಿನಿಂದ ನಡೆದು ಬಂದಳು. ಬಂದವಳು ಬಾಗಿಲ ಮುಂದೆ ಸುಮ್ಮನೆ ನಿಂತಳು. ನಿಂತೇ ಇದ್ದಳು! ಮಿನಿವ್ಯಾನಿನಲ್ಲಿ ನಾನು ಒಳಗಿಂದ ಬಟನ್ ಒತ್ತಿದರೆ ಸಾಕಿತ್ತು; ಬಾಗಿಲು ತಾನಾಗಿ ಜಾರಿ ತೆರೆದುಕೊಳ್ಳಲಿ ಎಂದು ಕಾಯುವುದು ಹದಿಮೂರು ವರ್ಷದ ಅಭ್ಯಾಸವಲ್ಲವೇ? ಹಿಂದಿನಿಂದ ಹಾರನ್ನುಗಳ ಆರ್ಭಟ.

"ಅಮ್ಮಾ, ಬಟನ್ ಒತ್ತು!"

"ಬಟನ್ನೂ ಇಲ್ಲ ಗಿಟನ್ನೂ ಇಲ್ಲ ಕಣೇ, ಹಿಡಿ ಹಿಡ್ಕೊಂಡು ಎಳಿ!"

ಸಾಲು ನೋಡಿಕೊಳ್ಳುವ ಕೊವಾಲ್ಸ್ಕಿ ಮೇಷ್ಟ್ರು ಓಡಿ ಬಂದು ಬಾಗಿಲು ತೆಗೆದು, "ದಯಮಾಡಿಸಿ ಮಹಾರಾಣಿ" ಎಂದು ಬಾಗಿದರು. ಗೆಳತಿಯರು ಗೊಳ್ಳೆಂದರು. ಮುಗೀತು, ನಾಳೆಯಿಂದ ಮತ್ತೆ ಚರ್ಚಿನ ಹಿಂದೆಯೇ ಎಂದುಕೊಂಡು ತಿರುಗಿದರೆ, ಅವಳೇ ಹೊಟ್ಟೆ ಹಿಡಿದು ನಗುತ್ತಿದ್ದಾಳೆ!

"ನಾಳೆನೂ ಇಲ್ಲಿಗೇ ಬಾಮ್ಮಾ."

ಶಾಲೆ ಬಿಡುವುದು ಮೂರಕ್ಕೆ. ಎರಡಕ್ಕೇ ಹೋಗಿ ಸಾಲಿನಲ್ಲಿ ಮೊದಲು ನಿಲ್ಲುತ್ತೇನೆ.