ಚಕ್ರದ ಮುಂದಿನ ದಿಮ್ಮಿ

ಮಂಗಳವಾರ, ಸಂಜೆ

ಕೈತುಂಬ ಎಣ್ಣೆ. ಬರೆಯಲಾಗದು, ಫೋನಿಗೇ ಹೇಳಿಡುತ್ತೇನೆ. ಯಾರೂ ಕೇಳುವುದಿಲ್ಲ. ಹೆಂಡತಿಯಂತೂ ಎದುರಿಗೆ ಕೂತು ಹೇಳಿದರೂ ಕೇಳುವುದಿಲ್ಲ.

ಅಕ್ಕನ ಹುಲ್ಲು ಹೊಡೆಯುವ ಸಣ್ಣ ಟ್ರಾಕ್ಟರ್ ಇನ್ನೂ ನನ್ನ ಶೆಡ್ಡಿನಲ್ಲೇ ಇದೆ. ಪಂಪಿನ ಸೀಲು ಬದಲಾಯಿಸಿ, ಹೊಸ ಎಣ್ಣೆ ತುಂಬಿ, ಸ್ಟಾರ್ಟ್ ಮಾಡಿದರೆ — ಗುಂಯ್ ಅನ್ನುತ್ತದೆ, ಕದಲುವುದಿಲ್ಲ. ಇದು ಗೇರು ಕಚ್ಚುವ ಗಾಡಿಯಲ್ಲ, ಎಣ್ಣೆಯ ಒತ್ತಡದಲ್ಲೇ ಚಕ್ರ ತಿರುಗಬೇಕು. ಪೆಡಲ್ ಒತ್ತಿದರೆ ಹೋಗಬೇಕು, ಕಾಲು ತೆಗೆದರೆ ನಿಲ್ಲಬೇಕು. ಅಷ್ಟೇ. ಅಷ್ಟರೊಳಗೆ ಏನೇನು ಕೆಡಬಹುದು ಎಂದು ನೆನೆದರೆ ಊಟ ಸೇರುವುದಿಲ್ಲ... ಎಣ್ಣೆಯಲ್ಲಿ ಗಾಳಿ ಸಿಕ್ಕಿಕೊಂಡಿರಬೇಕು. ಗಾಳಿಯೇ ಆಗಿರಲಿ. ಪಂಪು ಹೋಗಿರುವುದು ಬೇಡ.

ಬುಧವಾರ

ಗಾಳಿಯೇ. ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಪೆಡಲ್ ಹಿಂದೆ ಮುಂದೆ ಆಡಿಸುತ್ತ ಕೂತೆ. ಎಣ್ಣೆ ಟ್ಯಾಂಕಿನಲ್ಲಿ ನೊರೆ ಗುಳುಗುಳು. ಮಧ್ಯಾಹ್ನದ ಹೊತ್ತಿಗೆ ಸದ್ದು ಇಳಿಯಿತು. ಕೆಳಗಿಳಿಸಿ ಓಡಿಸಿದೆ — ಮುಂದಕ್ಕೆ ಸ್ವಲ್ಪ ಮಂದ. ಪೆಡಲಿನಿಂದ ಪಂಪಿಗೆ ಹೋಗುವ ರಾಡು ಒಂಚೂರು ತಿರುಗಿಸಿದೆ, ಚುರುಕಾಯಿತು. ಆಮೇಲೆ ಎಂದಿನಂತೆ ಮುಂದಿನ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು, ಇಂಜಿನ್ ಓಡಲು ಬಿಟ್ಟು, ಇಳಿದು ನಿಂತು ಸದ್ದು ಕೇಳಿದೆ. ಅಲುಗಲಿಲ್ಲ. ಕಲ್ಲಿನ ಹಾಗೆ ನಿಂತಿತ್ತು.

ಆಫ್ ಮಾಡಿದ ಮೇಲೆ ದಿಮ್ಮಿ ಬರಲೊಲ್ಲದು. ಸುತ್ತಿಗೆಯಲ್ಲಿ ಹೊಡೆದು ತೆಗೆದೆ. ಹಸಿ ಮರ, ಉಬ್ಬಿರಬೇಕು.

ಗುರುವಾರ, ಸಂಜೆ

ಅಕ್ಕ ಬಂದು ಗಾಡಿ ಒಯ್ದಳು. ದಿಮ್ಮಿ ನೋಡಿ ನಕ್ಕಳು. "ಏನೋ ಪುಕ್ಕಲ, ಟ್ರಾಕ್ಟರ್‌ಗೂ ದಿಂಬು ಕೊಟ್ಟು ಮಲಗಿಸ್ತೀಯಾ?"

ಹುಟ್ಟಿದಾಗಿನಿಂದ ಪುಕ್ಕಲನೇ ನಾನು. ಅವಳಿಗೆ ಹೆದರಿಕೆ ಎಂಬುದೇ ಇಲ್ಲ. ನಾಳೆ ನೀರಿನ ಘಟಕದ ಹುಲ್ಲು ಹೊಡೆಯಬೇಕಂತೆ. ಅಲ್ಲಿ ಕೊಳದ ಪಕ್ಕದ ಜಾಗ, ತುಂಬ ಕಲ್ಲು. ಕಲ್ಲು ಕಂಡರೆ ಪೆಡಲಿಂದ ಕಾಲು ತೆಗೆದು, ಇಂಜಿನ್ ಆಫ್ ಮಾಡದೆಯೇ ಇಳಿದು, ಗಾಡಿಯ ಮುಂದೆಯೇ ಬಗ್ಗಿ ಆರಿಸುತ್ತಾಳೆ. ಸೀಟಿಂದ ಎದ್ದರೆ ಇಂಜಿನ್ ಆಫ್ ಮಾಡುವ ಸ್ವಿಚ್ಚು ಎಂದೋ ಸತ್ತಿದೆ. ಬ್ರೇಕ್ ಹಾಕಿ ಇಳಿ ಎಂದೆ.

"ಕಾಲು ತೆಗೆದ್ರೆ ನಿಲ್ಲುತ್ತೆ ಕಣೋ. ಅದಕ್ಕೇ ಅಲ್ವಾ ಈ ಗಾಡಿ ತಗೊಂಡಿದ್ದು."

ಕೀಲಿ ಕೊಟ್ಟೆ. ನಿಂತಿತ್ತಲ್ಲ, ನಾನೇ ನೋಡಿದ್ದೇನೆ.

ಶುಕ್ರವಾರ, ಬೆಳಗ್ಗೆ

ಶೆಡ್ಡು ಗುಡಿಸುತ್ತಿದ್ದೆ. ದಿಮ್ಮಿ ಕೈಗೆ ಸಿಕ್ಕಿತು. ಒಂದು ಮಗ್ಗುಲು ತರಚಿದೆ... ಟೈರಿನ ಪಟ್ಟೆ ಮರದೊಳಕ್ಕೆ ಇಳಿದಿದೆ. ಬರೇ ನಿಂತ ಗಾಡಿ ಹೀಗೆ ಒತ್ತುವುದಿಲ್ಲ. ಮುಂದಕ್ಕೆ ತಳ್ಳುತ್ತಿತ್ತು. ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದಷ್ಟು ಹೊತ್ತೂ ತಳ್ಳುತ್ತಿತ್ತು. ಪೆಡಲಿನ ರಾಡು ಜಾಸ್ತಿ ತಿರುಗಿಸಿದ್ದೇನೆ. ಕಾಲು ತೆಗೆದರೂ ಅದು ನಿಲ್ಲುವುದಿಲ್ಲ, ತೆವಳುತ್ತದೆ. ನಿಲ್ಲಿಸಿದ್ದು ಈ ದಿಮ್ಮಿ.

ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಹುಲ್ಲು ಹೊಡೆಯುವಾಗ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಾಳೆ, ಗುಡುಗಿದರೂ ಕೇಳದು. ಕಿವಿ ಹಾಳಾದೀತೆಂದು ಹೆದರಿ ಅದನ್ನು ಕೊಡಿಸಿದವನೂ ನಾನೇ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಇಲ್ಲಿ ಕೂತು ಉಗುರು ಕಚ್ಚಬೇಡಿ. ಹೋಗಿ." ಯಾವತ್ತೂ ಪುಕ್ಕಲು ಎಂದು ರೇಗಿಸುವವಳು, ಇವತ್ತು ನಗಲಿಲ್ಲ.

ಶುಕ್ರವಾರ, ದಾರಿಯಲ್ಲಿ

ಕಾರು ಓಡಿಸುತ್ತಲೇ ಮಾತಾಡುತ್ತಿದ್ದೇನೆ. ಫೋನು ಜೇಬಿನಲ್ಲಿ, ರೆಕಾರ್ಡ್ ಆಗುತ್ತಿದೆ. ದಿಮ್ಮಿ ಪಕ್ಕದ ಸೀಟಿನಲ್ಲಿ, ಯಾಕೆ ತಂದೆನೋ. ಘಟಕದ ಕಾವಲುಗಾರನಿಗೆ ಫೋನ್ ಮಾಡಿದೆ. ಅಕ್ಕ ಗಾಡಿ ತಗೊಂಡು ಹಿಂದುಗಡೆ ಹೋದಳಂತೆ, ನೋಡಿ ಬರುತ್ತೇನೆ ಎಂದ. ಆಕಳಿಸಿದ ಹಾಗೆ ಕೇಳಿಸಿತು.

ಅಷ್ಟು ಜೋರಾಗೇನೂ ತೆವಳುವುದಿಲ್ಲ. ಮಗು ಅಂಬೆಗಾಲಿಟ್ಟಷ್ಟು. ಪಕ್ಕಕ್ಕೆ ಸರಿಯಬಹುದು. ಕಂಡರೆ ಸರಿಯಬಹುದು... ಮುಂದೆ ಹುಲ್ಲು ಹೊಡೆಯುವ ಬ್ಲೇಡು ತಿರುಗುತ್ತಿರುತ್ತದಲ್ಲ. ಇಳಿಯುವಾಗ ಅದನ್ನು ಆಫ್ ಮಾಡುತ್ತಾಳಾ? ಯಾವತ್ತೂ ಕೇಳಿಲ್ಲ. ಎಲ್ಲದಕ್ಕೂ ಹೆದರುವವನು, ಇದೊಂದನ್ನು ಕೇಳಿಲ್ಲ.

ಘಟಕ, ಗೇಟು ದಾಟಿ

ಕಾವಲುಗಾರ ಕುರ್ಚಿಯಲ್ಲೇ ಇದ್ದಾನೆ. ಇಂಜಿನ್ ಸದ್ದು ಇದೆ, ನೀರಿನ ಟ್ಯಾಂಕಿನ ಆಚೆ. ಏರಿಳಿತವಿಲ್ಲ, ಒಂದೇ ಸಮ.

ಕಾಣಿಸಿತು. ಸೀಟು ಖಾಲಿ.

ಬರುತ್ತಿದೆ, ಮೆಲ್ಲಗೆ. ಬ್ಲೇಡು ತಿರುಗುತ್ತಿದೆ, ಹುಲ್ಲು ಹಾರುತ್ತಿದೆ. ಅಕ್ಕ ಅದರ ಮುಂದೆ ಬಗ್ಗಿದ್ದಾಳೆ, ಬೆನ್ನು ಗಾಡಿಯ ಕಡೆಗೆ. ಮಡಿಲಿಗೆ ಕಲ್ಲು ತುಂಬಿಕೊಳ್ಳುತ್ತಿದ್ದಾಳೆ. ಅಕ್ಕಾ... ಕೇಳುವುದಿಲ್ಲ ಅವಳಿಗೆ. ಅಕ್ಕಾ... ದಿಮ್ಮಿ ಕೈಯಲ್ಲಿದೆ, ಚಕ್ರದ ಮುಂದೆ ಕೊಟ್ಟರೆ ನಿಲ್ಲುತ್ತದೆ, ನಿಂತಿತ್ತು, ನಾನು ನೋಡಿದ್ದೇನೆ, ಇನ್ನೊಂದು ಸ್ವಲ್ಪ —