ಒಂದೇ ಮೆಷಿನ್‌ಗೆ ಇಬ್ಬರು

ಪ್ರೀತಿಯ ಅಕ್ಕನಿಗೆ,

ಮಾತು ನನ್ನದು, ಅಕ್ಷರ ನನ್ನ ಮಗಳದು. ಸೂಜಿಯ ಕಣ್ಣು ಕಾಣುತ್ತಿಲ್ಲ, ಕತ್ತರಿ ಗೆರೆ ಬಿಟ್ಟು ಓಡುತ್ತದೆ ಎಂದು ಕನ್ನಡಕದ ಮೇಲೆ ಕನ್ನಡಕ ಬದಲಿಸಿದೆ. ಉದ್ಧಾರವಾದದ್ದು ಕನ್ನಡಕದ ಅಂಗಡಿಯವನು ಮಾತ್ರ. ಕೊನೆಗೆ ನಿನ್ನ ಡಾಕ್ಟರೇ ನನಗೂ ಮೆದುಳಿನಲ್ಲಿ ಸೇರಿಕೊಳ್ಳುವ ಅಮೈಲಾಯ್ಡ್ ಅನ್ನೋ ಕಸವನ್ನು ತೋರಿಸುವ ಸ್ಕ್ಯಾನ್ ಮಾಡಿಸಿದರು. ನಿನ್ನ ಚಿತ್ರ, ನನ್ನ ಚಿತ್ರ ಪಕ್ಕಪಕ್ಕ ಇಟ್ಟು, "ನೋಡಿ, ಹೆಚ್ಚುಕಡಿಮೆ ಒಂದೇ ಥರ ಇದೆ. ಕಾಯಿಲೆ ಒಂದೇ, ಅಲ್ಜೈಮರ್. ನಿಮ್ಮಕ್ಕನಿಗೆ ನೆನಪಿಗೆ ಕೈ ಹಾಕಿದೆ, ನಿಮಗೆ ನೋಟಕ್ಕೆ. ಕಣ್ಣಲ್ಲಿ ದೋಷ ಇಲ್ಲ, ಕಂಡದ್ದು ಮೆದುಳಿಗೆ ತಿಳೀತಿಲ್ಲ" ಅಂದರು.

ಒಂದು ದಿನವೆಲ್ಲ ಅತ್ತುಬಿಟ್ಟೆ. ಆಮೇಲೆ ಯೋಚಿಸಿದೆ. ನಿನ್ನ ನೋಟ ಗಟ್ಟಿಯಾಗಿದೆ, ನನ್ನ ನೆನಪು ಗಟ್ಟಿಯಾಗಿದೆ.

ಭಾನುವಾರ ನಿನ್ನ ಮನೆಗೆ ಬಂದುಬಿಡುತ್ತೇನೆ. ನಾವಿಬ್ಬರೂ ನಮ್ಮ ಟೈಲರಿಂಗ್ ಅಂಗಡಿಯಲ್ಲಿ ತುಳಿಯುತ್ತಿದ್ದ ಹೊಲಿಗೆ ಮೆಷಿನ್ ಕೂಡ ಬರುತ್ತದೆ. ಕಿಟಕಿ ಪಕ್ಕದಲ್ಲಿ ಜಾಗ ಮಾಡಿಸು. "ಒಬ್ಬರನ್ನ ನೋಡ್ಕೊಳ್ಳೋದೇ ಕಷ್ಟ, ಇನ್ನೊಬ್ಬರಾ?" ಎಂದು ನಿನ್ನ ಮಗ ಗೊಣಗಿದರೆ ಗೊಣಗಲಿ. ಚಿಕ್ಕಮ್ಮನ ಹಟ ಅವನಿಗೆ ಹೊಸದಲ್ಲ.

ಈ ಕಾಗದವನ್ನು ಬೀರುವಿನ ಬಾಗಿಲಿಗೆ ಅಂಟಿಸಿಕೋ. ಆದರೂ ಭಾನುವಾರ ಮನೆ ಬಾಗಿಲು ತೆಗೆದು "ಏನೇ, ಯಾಕ್ ಬಂದೆ?" ಅಂದರೆ ನನಗೇನೂ ಬೇಜಾರಿಲ್ಲ. ಸೂಜಿಗೆ ದಾರ ನೀನು ಪೋಣಿಸು. ಏನು ಹೊಲಿಯಲು ಕೂತಿದ್ದೇವೆ ಎಂಬುದನ್ನು ನಾನು ಹೇಳುತ್ತಿರುತ್ತೇನೆ.

ಹೊರಟು ನಿಂತಿರುವ,
ನಿನ್ನ ತಂಗಿ