ನಾಲ್ಕು ಆಳು ನೀರು, ನಾಲ್ಕು ಆಳು ಹಗ್ಗ

ಸಿಂದಗಿ
೧೨ ಜನವರಿ ೨೦೨೫, ಭಾನುವಾರ

ಅಮೀರ,

ಪ್ರೀತಿಯ ಎಂದು ಬರೆದು ಹೊಡೆದು ಹಾಕಿದ್ದೇನೆ. ಗೀಟಿನ ಕೆಳಗೆ ಕಾಣುತ್ತದೆ, ನೋಡಿಕೋ.

"ದಡದ ನೆರಳಿಗೆ ಬಂದ ದೋಣಿ ನಿದ್ದೆ ಹೋಗುತ್ತದೆ..." ಮುಂದಿನ ಸಾಲು ನನಗೇ ನೆನಪಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಎಂ.ಎ. ಓದುವಾಗ ನಾನೇ ಬರೆದದ್ದು. ಅಲ್ಲಿಯವರೆಗೆ ನಾನು ಸಮುದ್ರ ನೋಡಿರಲಿಲ್ಲ. ಇಷ್ಟು ವರ್ಷ ಅದನ್ನು ನೆನಪಿಟ್ಟುಕೊಂಡು, ನನ್ನ ಮಗಳನ್ನು ನಿನ್ನ ದೋಣಿಗೆ ಕರೆದೊಯ್ಯುವ ದಿನ ನನಗೇ ಒಪ್ಪಿಸಿದೆ: "ನೀನ ಬರದೀಯಲ್ಲ ಆಪಾ, ಮತ್ಯಾಕ ಅಂಜತಿ?" ದೋಣಿ ನಿದ್ದೆ ಹೋಗುತ್ತದೆಯೇ ತಮ್ಮಾ? ನಿದ್ದೆ ಹೋದವನು ನೀನು.

ಭುಜದ ನೋವು ಹೇಗಿದೆ? ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೋ. ನಾವೆಲ್ಲ ಇಲ್ಲಿ ಕ್ಷೇಮ, ನನ್ನ ಮಗಳು ಇರಮಳ ಬಲಗೈ ಒಂದನ್ನು ಬಿಟ್ಟು. ಫೋನು ಮಾಡಿದರೆ ನಗಿಸಿ ಮಾತು ತಪ್ಪಿಸುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅಂಗೈಗೆ ಪಟ್ಟಿ ಕಟ್ಟಿಕೊಂಡು ಬಸ್ಸಿಳಿದವಳು "ಮೆಟ್ಟಿಲ ಮ್ಯಾಲೆ ಜಾರಿದೆ ಅಮ್ಮಿ" ಅಂದಳು. ನೀನೂ ಅದನ್ನೇ ಹೇಳಿದೆ. ನಂಬಿದೆ. ಆದರೆ ಮರುದಿನ ಬಿಸಿ ಜೋಳದ ರೊಟ್ಟಿ ಮುರಿಯಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡಳು. ಪಟ್ಟಿ ಬಿಚ್ಚಿಸಿದೆ. ಮೆಟ್ಟಿಲ ಮೇಲೆ ಜಾರಿದವರ ಅಂಗೈಗೆ ಆ ತುದಿಯಿಂದ ಈ ತುದಿಗೆ ಹಗ್ಗದ ಬರೆ ಬೀಳುವುದಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿಗೆ ಎಂಟು ದಿನದಿಂದ ರೊಟ್ಟಿ ಮುರಿದು ಬಾಯಿಗಿಡುತ್ತಿದ್ದೇನೆ. ಒಂದೊಂದು ತುತ್ತಿಗೆ ಒಂದೊಂದು ಮಾತು ಹೊರಬಂತು.

ಮಾಲವಣದಿಂದ ಕಾರವಾರದ ಕಡೆ ದಂಡೆ ಹಿಡಿದು ಹೊರಟ ಎರಡನೆಯ ದಿನವೇ ಅಲ್ಲವೇ? ಮಧ್ಯಾಹ್ನದ ಹೊತ್ತಿಗೆ ಒಂದು ಪುಟ್ಟ ಕೊಲ್ಲಿ ಸಿಕ್ಕಿತು. ತೆಂಗಿನ ಸಾಲು, ಅಲುಗಾಡದ ನೀರು. ನನಗೆ ಫೋಟೋ ಕಳಿಸಿ "ಇದಕ್ಕಿಂತ ಸುಖದ ಜಾಗ ಇಲ್ಲ ಆಪಾ" ಎಂದು ಬರೆದೆ. ಹುರಿಗೆ ಕಟ್ಟಿದ ಗುಂಡು ಇಳಿಬಿಟ್ಟು ಆಳ ನೋಡಿದೆ, ನಾಲ್ಕು ಆಳು. ಲಂಗರಿನ ಹಗ್ಗವನ್ನೂ ನಾಲ್ಕು ಆಳೇ ಬಿಟ್ಟೆ, ಮೇಲೆ ಒಂದು ಮೊಳ. ಮೀನು ಸಾರು ಉಂಡು ಮಲಗಿದೆ. ನಮ್ಮ ನಾಲತವಾಡದ ಬಾವಿಕಟ್ಟೆಯ ಮೇಲೆ ಅಬ್ಬಾ ಕಲಿಸಿದ ಲೆಕ್ಕ ಅದು: ಕೊಡ ನೀರು ಮುಟ್ಟುವಷ್ಟು ಹಗ್ಗ, ಕೈಗೆ ಒಂದು ಮೊಳ. ಕೃಷ್ಣೆಯ ಹಿನ್ನೀರಿನಲ್ಲಿ ಇಪ್ಪತ್ತು ವರ್ಷ ದೋಣಿ ನಡೆಸಿದವನು ನೀನು. ಅಲ್ಲಿ ಮುಳುಗಿದ ಬೇವಿನ ಮರದ ಟೊಂಗೆಗೆ ಕಟ್ಟಿದರೆ ಮುಗಿಯಿತು. ಸಮುದ್ರಕ್ಕೆ ಅದು ಸಾಲುವುದಿಲ್ಲ ಎಂದು ಯಾರನ್ನಾದರೂ ಕೇಳಬಹುದಿತ್ತು. ನೀನು ಕೇಳುವವನಲ್ಲ.

ಮೂರು ಗಂಟೆಗೆ ಕಡಲ ಕಡೆಯಿಂದ ಗಾಳಿ ತಿರುಗಿತು. ಹಗ್ಗ ನೆಟ್ಟಗೆ ನಿಂತಿತ್ತು. ಒಂದೊಂದು ಅಲೆಯೂ ದೋಣಿಯ ಜೊತೆ ಲಂಗರನ್ನೂ ನೆಲದಿಂದ ಕಿತ್ತಿತು. ದಂಡೆಯ ಬಿಳಿ ಗೋಡೆ ತೆಂಗಿನ ಮರದ ಹಿಂದೆ ಸರಿಯುತ್ತಿರುವುದನ್ನು ಕಂಡವಳು ಇರಮ. "ಮಾಮೂ, ಗ್ವಾಡಿ ಹೊಂಟೇತಿ" ಎಂದು ಕೂಗಿದರೆ ನೀನು ಮಗ್ಗಲು ಬದಲಿಸಿದೆಯಂತೆ. ಇನ್ನಷ್ಟು ಹಗ್ಗ ಬಿಡಲು ಅವಳು ಗಂಟು ಬಿಚ್ಚಿದಳು, ಹಗ್ಗ ಅಂಗೈ ಸುಲಿದುಕೊಂಡು ಓಡಿತು. ನಿನಗೆ ಎಚ್ಚರವಾದದ್ದು ಚುಕ್ಕಾಣಿ ಬಂಡೆಗೆ ಬಡಿದು ಮುರಿದಾಗ. ಹತ್ತಿರದಲ್ಲಿದ್ದ ಮೀನುಗಾರರು ದೋಣಿಯನ್ನು ಎಳೆದುಕೊಂಡು ಹೋಗದಿದ್ದರೆ ನಾನು ಈಗ ಯಾರ ಬಾಯಿಗೆ ರೊಟ್ಟಿ ಇಡುತ್ತಿದ್ದೆ? ಅವರಲ್ಲಿ ಒಬ್ಬ ಮುದುಕ ನಿನ್ನ ಹಗ್ಗ ನೋಡಿ, "ಲಂಗರು ಹಾಕಿದ್ದೀಯೋ, ಬಾವಿಗೆ ಕೊಡ ಬಿಟ್ಟಿದ್ದೀಯೋ?" ಎಂದು ಮರಾಠಿಯಲ್ಲಿ ನಕ್ಕನಂತೆ. ಅವನಿಗೆ ನನ್ನ ಸಲಾಂ ತಿಳಿಸು.

ತಪ್ಪು ಯಾರಿಗಾದರೂ ಆಗುತ್ತದೆ. ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. "ಅಮ್ಮಿಗೆ ಹೇಳಬ್ಯಾಡ" ಎಂದು ಸುಳ್ಳನ್ನು ಅವಳ ಕೈಗೆ ಕೊಟ್ಟು ಕಳಿಸಿದೆಯಲ್ಲ, ಸುಲಿದ ಕೈಗೆ, ಅದಕ್ಕೆ. ನನಗೆ ಈ ಮಗಳು ಒಬ್ಬಳೇ ಎಂಬುದು ನಿನಗೆ ಗೊತ್ತು. ಚುಕ್ಕಾಣಿ ದುರಸ್ತಿಯಾಯಿತು, ಉಳಿದ ದಾರಿ ಮುಗಿಸಲು ಕಳಿಸು ಎಂದು ಯಾವ ಮುಖ ಇಟ್ಟುಕೊಂಡು ಕೇಳುತ್ತೀ? ಇರಮ ಬರುವುದಿಲ್ಲ.

ಹಿರಿಯಳಾಗಿ ಹರಸಬೇಕು. ಅಲ್ಲಾಹ್ ನಿನ್ನನ್ನು ನೀರಿನಿಂದ ಕಾಪಾಡಲಿ. ನನ್ನಿಂದ ಕಾಪಾಡು ಎಂದು ನೀನೇ ಕೇಳಿಕೋ.

ನಿನ್ನ ಆಪಾ,
ಗುಲನಾಜ

ಬುಧವಾರ. ಮೂರು ದಿನ ಈ ಕಾಗದ ಅಂಚೆಗೆ ಹಾಕಲಿಲ್ಲ. ನಿನ್ನೆ ಇರಮ ತನ್ನ ಕೈಯಿಂದಲೇ ರೊಟ್ಟಿ ಮುರಿದು ಉಂಡಳು. ಉಂಡು, "ನಾ ಹೋಗದಿದ್ರ ಮಾಮೂ ಮತ್ತ ನಾಕ ಆಳ ಹಗ್ಗಾನ ಬಿಡ್ತಾನ, ಅಮ್ಮಿ" ಅಂದಳು. ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತಾಳೆ, ಕಾಗದವನ್ನೂ ಅವಳೇ ಕೊಡುತ್ತಾಳೆ. ಇನ್ನು ಮೇಲೆ ಲಂಗರು ಅವಳದು. ಆ ಮುದುಕ ಅವಳಿಗೆ ಹೇಳಿಕೊಟ್ಟ ಲೆಕ್ಕ: ನಾಲ್ಕು ಆಳು ನೀರಿಗೆ ಇಪ್ಪತ್ತೆಂಟು ಆಳು ಹಗ್ಗ, ಗಾಳಿ ಎದ್ದರೆ ಇನ್ನೂ ಹೆಚ್ಚು. ಹಗ್ಗ ನೆಲದ ಮೇಲೆ ಓರೆಯಾಗಿ ಮಲಗಬೇಕಂತೆ, ನೀನಲ್ಲ. ಬಜಾರಿನಿಂದ ನಲವತ್ತು ಆಳು ದಪ್ಪ ನೈಲಾನ್ ಹಗ್ಗ ತಂದು, ನಮ್ಮ ಬಾಗಿಲಿನಿಂದ ಹಿಟ್ಟಿನ ಗಿರಣಿಯವರೆಗೆ ಓಣಿಯಲ್ಲಿ ಹಾಸಿ ಇಬ್ಬರೂ ಅಳೆದೆವು. ಸುತ್ತಿ ಕಟ್ಟುವಾಗ ಪಕ್ಕದ ಮನೆಯ ಚಂದವ್ವ ಬಂದು ಬಾಗಿಲಲ್ಲಿ ನಿಂತಳು. ಹಗ್ಗ ನೋಡಿದಳು, ನನ್ನ ಮುಖ ನೋಡಿದಳು.

"ಯವ್ವಾ, ಇಷ್ಟುದ್ದ ಹಗ್ಗ ಯಾಕ್ರೀ ಬಾಯಾರ? ನಿಮ್ಮ ಬಾವ್ಯಾಗ ನೀರು ಅಷ್ಟ ಕೆಳಗ ಹೋಗೇತೇನ್ರೀ?"